ಮಕ್ಕಳ ಗಲ್ಲಾಪೆಟ್ಟಿಗೆ



ಪುಣೆಯ ಶಿವಾಜಿನಗರದಲ್ಲಿ ಚಳಿ ಶುರುವಾಯಿತೆಂದರೆ ಯಾವುದಾದರೊಂದು ಶಾಲೆಯ ಅಂಗಳದಲ್ಲಿ ಬೆಂಚುಗಳು ಅಂಗಡಿಗಳಾಗುತ್ತವೆ. ಬೆಂಚಿನ ಮೇಲೊಂದು ಹಳೆಯ ಬೆಡ್‌ಶೀಟು, ಅದರ ಮೇಲೆ ಸಾಲಾಗಿ ಸ್ಟೀಲ್ ಡಬ್ಬಿಗಳು, ಹಿಂದೆ ಕೊರಳಿಗೆ ಸ್ಕಾರ್ಫು ಕಟ್ಟಿದ ನಾಲ್ಕೈದು ಮಕ್ಕಳು. ಭೇಳ್, ಬಟಾಟೆ ವಡೆ, ಲಿಂಬೆ ಶರಬತ್ತು, ಚಕ್ಕುಲಿ, ಬೇಕರಿಯಲ್ಲಿ ಬೇಯಿಸಿ ತಂದ ನಾನಕಟಾಯಿ. ರಟ್ಟಿನ ತುಂಡಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ದರಪಟ್ಟಿ. ಇದಕ್ಕೆ ಇಲ್ಲಿನ ಶಾಲೆಗಳಲ್ಲಿ 'ಖರೀ ಕಮಾಯಿ' ಎನ್ನುತ್ತಾರೆ. ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ತಾವೇ ದುಡಿದು ತಮ್ಮ ದಳಕ್ಕೆ ಹಣ ಕೂಡಿಸುವ ಕಾರ್ಯಕ್ರಮ ಇದು.

ನಾನು ಕಂಡ ಅಂಥ ಒಂದು ಸಂಜೆಯಲ್ಲಿ ಭೇಳ್ ಅಂಗಡಿಯ ಮುಂದೆ ಒಬ್ಬ ಆಜೋಬಾ, ಅಂದರೆ ಅಜ್ಜ, ನಿಂತಿದ್ದರು. ಕಾಗದದ ತಟ್ಟೆಯನ್ನು ಕೈಯಲ್ಲಿ ಹಿಡಿದು, ಅತ್ತ ಇತ್ತ ತಿರುಗಿಸಿ, "ಇಪ್ಪತ್ತು ರೂಪಾಯಿಗೆ ಇಷ್ಟೇನಾ? ಶೇವು ಎಲ್ಲಿದೆ ಇದರಲ್ಲಿ?" ಎಂದರು. ಬೆಂಚಿನ ಹಿಂದಿನ ಹುಡುಗಿ ಹಿಂಜರಿಯಲಿಲ್ಲ. "ಆಜೋಬಾ, ಈರುಳ್ಳಿ ದರ ಏರಿದೆ. ಶೇವು ಬೇಕಿದ್ದರೆ ಒಂದು ಚಮಚ ಹಾಕ್ತೀನಿ, ಎರಡನೇದಕ್ಕೆ ಐದು ರೂಪಾಯಿ" ಎಂದಳು. ಆಜೋಬಾ ಐದು ರೂಪಾಯಿ ಕೊಡಲಿಲ್ಲ. ಒಂದು ಚಮಚ ಶೇವು ಹಾಕಿಸಿಕೊಂಡು, ನಿಂತಲ್ಲೇ ತಿಂದು ಮುಗಿಸಿ, ಹುಣಸೆಹುಳಿ ಹೆಚ್ಚಾಯಿತು, ಖರ್ಜೂರ ಸಾಲದು ಎಂದು ತೀರ್ಪು ಕೊಟ್ಟು, ಮನೆಯವರಿಗೆಂದು ಇನ್ನೂ ಎರಡು ಕಟ್ಟಿಸಿಕೊಂಡು ಹೋದರು.

ಪುಣೆಯ ಗಿರಾಕಿ ಹೀಗೇ. ಮಕ್ಕಳು ಮಾರುತ್ತಿದ್ದಾರೆ ಎಂದು ನಾಲಿಗೆಗೆ ರಿಯಾಯಿತಿ ಕೊಡುವವನಲ್ಲ. ಫರ್ಗ್ಯುಸನ್ ರಸ್ತೆಯಲ್ಲಿ ನಮ್ಮ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ ವೈಶಾಲಿ ಹೋಟೆಲಿನ ಸಾಂಬಾರು ತಿಂದು ಮಾತಾಡುವ ಊರಿದು. ಕ್ಯಾಂಪಿನ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತಿಗೆ ಸರದಿಯಲ್ಲಿ ನಿಂತು, ಕೈಗೆ ಬಂದ ಪೊಟ್ಟಣ ಹೋದ ಸಲದಷ್ಟೇ ಗರಿಗರಿಯಾಗಿದೆಯೇ ಎಂದು ಅಲ್ಲೇ ಬಿಚ್ಚಿ ನೋಡುವ ಊರು. ಇಂಥವರ ಮುಂದೆ ಮಗು ತಿಂಡಿ ಇಟ್ಟುಕೊಂಡು ಕೂತರೆ ಪರೀಕ್ಷೆ ನಿಜವಾದದ್ದೇ ಆಗುತ್ತದೆ. ಆ ಸಂಜೆಯ ಮಟ್ಟಿಗೆ ನನಗೆ ಆಜೋಬಾ ಬಹಳ ಹಿಡಿಸಿದರು. ಪಕ್ಕದ ಅಂಗಡಿಯಲ್ಲಿ ನೂರರ ನೋಟು ಕೊಟ್ಟು, ತಿಂಡಿ ಮುಟ್ಟದೆ, ಚಿಲ್ಲರೆ ಬೇಡ ಎಂದು ಮಗುವಿನ ಕೆನ್ನೆ ಚಿವುಟಿ ಹೋದವರಿಗಿಂತ ಹೆಚ್ಚು ಹಿಡಿಸಿದರು.

ಖರೀ ಕಮಾಯಿ ನಡೆಸುವ ಈ ಸ್ಕೌಟ್ಸ್ ಕಥೆ ಹಳೆಯದು. ನಮ್ಮ ದೇಶದ ಮೊದಲ ಸ್ಕೌಟ್ ದಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. 1909ರಲ್ಲಿ ಅದನ್ನು ಕಟ್ಟಿದವರು ಕ್ಯಾಪ್ಟನ್ ಟಿ. ಎಚ್. ಬೇಕರ್. ಹೆಸರು ಬೇಕರ್ ಎಂದಿದ್ದರೂ ಬಿಸ್ಕತ್ತಿಗೂ ಅವರಿಗೂ ಯಾವ ನಂಟೂ ಇಲ್ಲ ಬಿಡಿ. ಆಗ ಅದು ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳಿಗೆ ಪ್ರವೇಶವಿರಲಿಲ್ಲ. ಅದನ್ನು ಸಹಿಸದೆ ಮುಂದೆ ಮದರಾಸಿನಲ್ಲಿ ಆನಿ ಬೆಸೆಂಟ್, ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯರು ಮತ್ತು ಅವರ ಸಂಗಡಿಗರು ಭಾರತೀಯ ಮಕ್ಕಳಿಗೆ ಬೇರೆಯೇ ಸಂಘಗಳನ್ನು ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆ ಬೇರೆಯಾಗಿದ್ದ ಹುಡುಗರ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಹುಡುಗಿಯರ ಗೈಡ್ಸ್ ಸಂಘ ಮರುವರ್ಷ ಆಗಸ್ಟ್ 15ರಂದು ಅದರೊಳಕ್ಕೆ ಬಂತು.

ಹೀಗೆ ದುಡಿದು ಹಣ ಕೂಡಿಸುವುದು ಬೇರೆ ಕಡೆಯೂ ಇತ್ತು. ಇಂಗ್ಲೆಂಡಿನ ಸ್ಕೌಟ್ ಹುಡುಗರು 1949ರಿಂದ ಪ್ರತಿ ಈಸ್ಟರ್ ಹೊತ್ತಿಗೆ ಮನೆಮನೆಯ ಬಾಗಿಲು ತಟ್ಟಿ ಒಂದು ಶಿಲ್ಲಿಂಗಿಗೆ ಒಂದು ಕೆಲಸ ಮಾಡಿಕೊಡುತ್ತಿದ್ದರು. ಕಾರು ತೊಳೆಯುವುದು, ಹುಲ್ಲು ಕತ್ತರಿಸುವುದು, ಬೂಟಿಗೆ ಪಾಲಿಶು ಹಾಕುವುದು. ನಮ್ಮ ಖರೀ ಕಮಾಯಿಯಲ್ಲೂ ಇಂಥ ಕೆಲಸಗಳಿಗೆ ಜಾಗವಿದೆ. ಆದರೆ ಬೂಟು ಪಾಲಿಶು ಎಂದೊಡನೆ ನಮ್ಮ ಮಧ್ಯಮವರ್ಗದ ಅಪ್ಪ ಅಮ್ಮಂದಿರ ಹುಬ್ಬು ಮೇಲೇರುತ್ತದೆ. ತಿಂಡಿ ಮಾರುವುದಾದರೆ ಯಾರ ತಕರಾರೂ ಇಲ್ಲ. ಹಾಗಾಗಿ ಶಾಲೆಗಳಲ್ಲಿ ನಮಗೆ ಕಾಣುವುದು ಹೆಚ್ಚಾಗಿ ತಿಂಡಿಯ ಅಂಗಡಿಯೇ. ಕರ್ನಾಟಕದಲ್ಲಿದ್ದು ಕೇಳುತ್ತಿರುವವರಿಗೆ ಇದು ಹೊಸದಾಗಿ ತೋರದು. ನಮ್ಮ ಸರ್ಕಾರಿ ಶಾಲೆಗಳ ಮಕ್ಕಳ ಸಂತೆ, ಮೆಟ್ರಿಕ್ ಮೇಳಗಳಲ್ಲಿ ಮಕ್ಕಳು ಹಿತ್ತಲಿನ ಬದನೆ, ಕೊತ್ತಂಬರಿ, ನಿಂಬೆಹಣ್ಣು ತಂದು ತೂಗಿ ಮಾರುವುದನ್ನು ನೀವು ನೋಡಿರುತ್ತೀರಿ. ಅಲ್ಲಿ ಗುರಿ ತೂಕ, ಅಳತೆ, ಚಿಲ್ಲರೆ ಕಲಿಯುವುದು. ಬಂದ ಹಣ ಬಹುಮಟ್ಟಿಗೆ ಆಯಾ ಮಗುವಿನದೇ. ಖರೀ ಕಮಾಯಿಯ ಹಣ ಎಲ್ಲರದು. ಈ ವ್ಯತ್ಯಾಸವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಯಾಕೆಂದರೆ ಎಲ್ಲರ ಹಣ ಎಂದೊಡನೆ ಲೆಕ್ಕದ ಪ್ರಶ್ನೆ ಏಳುತ್ತದೆ.

ಮಕ್ಕಳು ತಿಂಡಿ ಮಾರಿ ಸಂಘಕ್ಕೆ ಹಣ ಕೂಡಿಸುವ ಕೆಲಸವನ್ನು ಅತಿ ದೊಡ್ಡದಾಗಿ ಬೆಳೆಸಿದವರು ಅಮೆರಿಕದ ಗರ್ಲ್ ಸ್ಕೌಟ್ ಹುಡುಗಿಯರು. ಅವರ ಕುಕೀ ಮಾರಾಟದ ಕಥೆ 1917ರಲ್ಲಿ ಓಕ್ಲಹೋಮಾ ರಾಜ್ಯದ ಮಸ್ಕೋಗಿ ಎಂಬ ಊರಿನಲ್ಲಿ ಶುರುವಾಗುತ್ತದೆ. ಅಲ್ಲಿನ ಒಂದು ದಳದ ಹುಡುಗಿಯರು ಮನೆಯಲ್ಲಿ ಕುಕೀ ಬೇಯಿಸಿ ಹೈಸ್ಕೂಲಿನ ಕ್ಯಾಂಟೀನಿನಲ್ಲಿ ಮಾರಿದರು. ಐದು ವರ್ಷದ ಮೇಲೆ, 1922ರ ಜುಲೈಯಲ್ಲಿ, ಸಂಘದ ಪತ್ರಿಕೆಯಲ್ಲಿ ಶಿಕಾಗೋದ ಫ್ಲಾರೆನ್ಸ್ ನೀಲ್ ಎಂಬ ಕಾರ್ಯಕರ್ತೆ ಒಂದು ಪಾಕವಿಧಾನ ಕೊಟ್ಟರು. ಬರೀ ಪಾಕವಿಧಾನ ಕೊಟ್ಟು ಸುಮ್ಮನಾಗಲಿಲ್ಲ ಆಕೆ, ಲೆಕ್ಕವನ್ನೂ ಕೊಟ್ಟರು. ಆರೇಳು ಡಜನ್ ಕುಕೀಗೆ ಬೇಕಾದ ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆಗಳಿಗೆ 26ರಿಂದ 36 ಸೆಂಟ್ ಖರ್ಚು. ಡಜನ್ನಿಗೆ 25 ಇಲ್ಲವೇ 30 ಸೆಂಟಿನಂತೆ ಮಾರಬಹುದು. ಅಂದರೆ ಒಂದು ಡಜನ್ ಮಾರಿದರೆ ಹಾಕಿದ ಅಸಲು ಹತ್ತಿರಹತ್ತಿರ ಕೈಗೆ ಬಂತು, ಉಳಿದ ಐದಾರು ಡಜನ್ ಲಾಭವೇ.

ಇಷ್ಟು ಲಾಭ ಯಾವ ವ್ಯಾಪಾರದಲ್ಲಿದೆ, ಹೇಳಿ? ಮಾರವಾಡಿ ಅಂಗಡಿಯವರು ಕೇಳಿದರೂ ನಂಬಲಾರರು. ಆ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ ಎಂಬ ಮಾತನ್ನು ಆಮೇಲೆ ಹೇಳುತ್ತೇನೆ.

1933ರಲ್ಲಿ ಫಿಲಡೆಲ್ಫಿಯಾದ ಹುಡುಗಿಯರು ಊರಿನ ಗ್ಯಾಸ್ ಮತ್ತು ವಿದ್ಯುತ್ ಕಂಪನಿಯ ಅಂಗಡಿ ಕಿಟಕಿಗಳಲ್ಲೇ, ದಾರಿಹೋಕರಿಗೆ ಕಾಣುವಂತೆ ಕುಕೀ ಬೇಯಿಸಿ ಮಾರಿದರು. ಪೊಟ್ಟಣಕ್ಕೆ 44 ಕುಕೀ, ಬೆಲೆ 23 ಸೆಂಟ್. ಕಂಪನಿಗೆ ತನ್ನ ಒಲೆಯ ಜಾಹೀರಾತಾಯಿತು, ಹುಡುಗಿಯರಿಗೆ ಒಲೆ ಸಿಕ್ಕಿತು, ಜನಕ್ಕೆ ಚಳಿಯಲ್ಲಿ ನಿಂತು ನೋಡಲು ಒಂದು ತಮಾಷೆ. ಮಾರಾಟ ಎಷ್ಟು ಬೆಳೆಯಿತೆಂದರೆ ಮರುವರ್ಷವೇ ಅಲ್ಲಿನ ಮಂಡಳಿ ದೊಡ್ಡ ಬೇಕರಿಗೆ ಬೇಯಿಸುವ ಕೆಲಸ ವಹಿಸಿತು. 1936ರಿಂದ ಇಡೀ ದೇಶದಲ್ಲಿ ಬೇಕರಿ ಕಂಪನಿಗಳಿಗೆ ಪರವಾನಗಿ ಕೊಡುವ ಪದ್ಧತಿ ಬಂತು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆ, ಹಿಟ್ಟು, ಬೆಣ್ಣೆಗೆ ಅಭಾವ ಬಂದಾಗ 1944ರಲ್ಲಿ ಕುಕೀ ಬದಲು ಕ್ಯಾಲೆಂಡರ್ ಮಾರಿ ಸಂಭಾಳಿಸಿದರು. ಈಗ ಜನವರಿಯಿಂದ ಏಪ್ರಿಲ್‌ವರೆಗಿನ ಒಂದು ಹಂಗಾಮಿನಲ್ಲಿ ಹೆಚ್ಚುಕಡಿಮೆ 20 ಕೋಟಿ ಪೊಟ್ಟಣ ಮಾರಾಟವಾಗುತ್ತದೆ, ಬೇಯಿಸಿಕೊಡುವವು ಎರಡೇ ಕಂಪನಿಗಳು.

ನಮ್ಮ ಕನ್ನಡದ ಮನೆಗಳೂ ಇದರಿಂದ ಹೊರಗಿಲ್ಲ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮಗಳ ಮನೆಗೆಂದು ಫೆಬ್ರುವರಿಯಲ್ಲಿ ಹೋದ ಅಜ್ಜಿಯರನ್ನು ಕೇಳಿ ನೋಡಿ. ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲದಷ್ಟು ರಟ್ಟಿನ ಪೆಟ್ಟಿಗೆ. ಮೊಮ್ಮಗಳು ಸಮವಸ್ತ್ರ ತೊಟ್ಟು ದಿನಸಿ ಅಂಗಡಿಯ ಬಾಗಿಲಲ್ಲಿ ಮೇಜು ಹಾಕಿಕೊಂಡು ನಿಂತಿರುತ್ತಾಳೆ. ಅಳಿಯ ಆಫೀಸಿನಲ್ಲಿ ಆರ್ಡರಿನ ಪಟ್ಟಿ ಹಿಡಿದು ಮೇಜಿಂದ ಮೇಜಿಗೆ ತಿರುಗುತ್ತಾನೆ. ಕೈಕೆಳಗಿನವರು ಬೇಡ ಎನ್ನಲಾರದೆ ಎರಡೆರಡು ಪೊಟ್ಟಣ ಬರೆಸುತ್ತಾರೆ. ಮೊಮ್ಮಗಳಿಗೆ ಬಹುಮಾನದ ಬ್ಯಾಡ್ಜು ಬರುತ್ತದೆ. ಬಂದದ್ದು ಯಾರ ದುಡಿಮೆಗೆ ಎಂದು ಯಾರೂ ಕೇಳುವುದಿಲ್ಲ.

ಆ ಅಳಿಯನನ್ನು ನೋಡಿ ನಗುವ ಹಕ್ಕು ನಮಗೂ ಹೆಚ್ಚೇನಿಲ್ಲ. ನಾವು ಚಿಕ್ಕವರಿದ್ದಾಗ ಶಾಲೆಯಿಂದ ಧ್ವಜದಿನದ ಚೀಟಿ, ಯಾವುದೋ ನಿಧಿಯ ಟಿಕೆಟ್ ಪುಸ್ತಕ ತರುತ್ತಿದ್ದೆವಲ್ಲ, ಅವುಗಳಲ್ಲಿ ಎಷ್ಟನ್ನು ನಾವು ನಿಜವಾಗಿ ಮಾರಿದ್ದೇವೆ? ಪುಸ್ತಕ ಅಪ್ಪನ ಮುಂದೆ ಇಟ್ಟರೆ ಅವರು ನಿಟ್ಟುಸಿರು ಬಿಟ್ಟು ಪೂರ್ತಿ ಹಣ ಎಣಿಸಿ ಕೊಡುತ್ತಿದ್ದರು. ಮರುದಿನ ಮೇಷ್ಟ್ರು ತರಗತಿಯಲ್ಲಿ ನಮ್ಮ ಹೆಸರು ಹಿಡಿದು ಭೇಷ್ ಎನ್ನುತ್ತಿದ್ದರು.

ಈಗ ನಮ್ಮ ಶಿವಾಜಿನಗರಕ್ಕೆ ವಾಪಸು ಬರೋಣ. ಈ ಬಡಾವಣೆಯ ಹಳೆಯ ಹೆಸರು ಭಾಂಬುರ್ಡೆ. ಇಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು, ಕೋರ್ಟು, 1953ರಲ್ಲಿ ಶುರುವಾದ ಪುಣೆ ಆಕಾಶವಾಣಿ, ಎಲ್ಲ ಇಲ್ಲೇ ಸುತ್ತಮುತ್ತ. ದೊಡ್ಡ ರಸ್ತೆ ಬಿಟ್ಟು ಗಲ್ಲಿಗಳಿಗೆ ಇಳಿದರೆ ಪಾವ್ ಸುಡುವ ಬೇಕರಿಗಳು ಇನ್ನೂ ಇವೆ. ಪುಣೆಯ ಮನೆಗಳಲ್ಲಿ ಒಂದು ಹಳೆಯ ರೂಢಿಯಿದೆ, ದೀಪಾವಳಿ ಮುಂಚೆ ಇಲ್ಲವೇ ಬೇಸಿಗೆ ರಜೆಯಲ್ಲಿ ಮನೆಯ ಹಿಟ್ಟು, ತುಪ್ಪ, ಸಕ್ಕರೆಪುಡಿಯನ್ನೇ ಡಬ್ಬಿಯಲ್ಲಿ ತುಂಬಿಕೊಂಡು ಬೇಕರಿಗೆ ಒಯ್ಯುವುದು. ಬೇಕರಿಯವರು ಕಿಲೋಗೆ ಇಷ್ಟು ಎಂದು ಬೇಯಿಸುವ ಮಜೂರಿ ತೆಗೆದುಕೊಂಡು ನಾನಕಟಾಯಿ ಮಾಡಿಕೊಡುತ್ತಾರೆ.

ನಮ್ಮ ಸೊಸೈಟಿಯ ಮಕ್ಕಳ ಗುಂಪು ಕಳೆದ ದೀಪಾವಳಿಗೆ ಇದನ್ನೇ ವ್ಯಾಪಾರಕ್ಕೆ ಹಿಡಿಯಿತು. ಐದನೆಯ ತರಗತಿಯಿಂದ ಹಿಡಿದು ಹತ್ತನೆಯ ತರಗತಿವರೆಗಿನ ಹುಡುಗ ಹುಡುಗಿಯರು. ಉದ್ದೇಶ ಇಷ್ಟೆ: ಕೆಳಗಿನ ಖಾಲಿ ಕೋಣೆಯನ್ನು ಅಭ್ಯಾಸಿಕಾ ಮಾಡಬೇಕು, ಅಂದರೆ ಕೂತು ಓದುವ ಕೋಣೆ. ನಮ್ಮ ಕಟ್ಟಡದಲ್ಲಿ ಮನೆಗೆಲಸ ಮಾಡುವ ಹೆಂಗಸರ ಮಕ್ಕಳಿಗೂ ಅಲ್ಲಿ ಜಾಗ ಬೇಕು, ಫ್ಯಾನು ಬೇಕು, ನಾಲ್ಕು ದೀಪ, ಒಂದಷ್ಟು ಪುಸ್ತಕ ಬೇಕು. ಸೊಸೈಟಿಯ ಕಮಿಟಿ ಕೋಣೆ ಕೊಟ್ಟಿತು, ಹಣ ಕೊಡಲಿಲ್ಲ. ಒಳ್ಳೆಯದೇ ಆಯಿತು.

ನಾನಕಟಾಯಿಯ ಕೆಲಸ ನೋಡಲು ಸುಲಭ, ಮಾಡಲು ಹಟಮಾರಿ. ಹಿಟ್ಟಿನ ಅರ್ಧದಷ್ಟು ತುಪ್ಪ, ಹೆಚ್ಚುಕಡಿಮೆ ಅಷ್ಟೇ ಸಕ್ಕರೆಪುಡಿ. ಮೊದಲು ತುಪ್ಪವನ್ನು ಪರಾತದಲ್ಲಿ ಹಾಕಿ ಅಂಗೈಯಲ್ಲಿ ತಿಕ್ಕಬೇಕು. ಹಳದಿ ಬಣ್ಣ ಹೋಗಿ ಬೆಳ್ಳಗೆ, ಹಗುರಾಗಿ ಉಬ್ಬುವವರೆಗೆ ತಿಕ್ಕಬೇಕು. ಹತ್ತನೇ ತರಗತಿಯ ಹುಡುಗರಿಗೂ ರಟ್ಟೆ ಸೋಲುವ ಕೆಲಸ. ಆಮೇಲೆ ಸಕ್ಕರೆ, ಏಲಕ್ಕಿ, ಜರಡಿ ಹಿಡಿದ ಮೈದಾ, ಒಂದಿಷ್ಟು ಕಡಲೆಹಿಟ್ಟು, ಚಿಟಿಕೆ ಸೋಡಾ. ನೀರು ಸೋಕಿಸುವಂತಿಲ್ಲ. ಬೇಕರಿಯಲ್ಲಿ ನಮ್ಮ ಸರದಿ ಬಂದದ್ದು ಮಧ್ಯಾಹ್ನ, ಪಾವಿನ ಕೊನೆಯ ಸುತ್ತು ಮುಗಿದ ಮೇಲೆ. ಭಟ್ಟಿಯ ಕಾವು ಇಳಿದಿರಬೇಕು. ಪಾವಿಗೆ ಬೇಕಾದ ಬಿಸಿಯಲ್ಲಿ ನಾನಕಟಾಯಿ ಇಟ್ಟರೆ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಬೇಕರಿಯ ಚಾಚಾ ಭಟ್ಟಿಯ ಬಾಯಿಗೆ ಕೈ ಒಡ್ಡಿ, ಮನಸ್ಸಿನಲ್ಲೇ ಏನೋ ಎಣಿಸಿ, ಇನ್ನೂ ಹತ್ತು ನಿಮಿಷ ತಡೀರಿ ಎಂದರು. ಥರ್ಮಾಮೀಟರ್ ಇಲ್ಲವೇ ಎಂದು ಕೇಳಿದ ಹುಡುಗನಿಗೆ ಅವರು ತಮ್ಮ ಅಂಗೈ ತೋರಿಸಿದರು.

ಪ್ರತಿ ತಟ್ಟೆಯ ಮೂಲೆಯಲ್ಲಿ ಯಾರ ಮನೆಯದು ಎಂದು ಚೀಟಿ ಇಡುತ್ತಾರೆ. ನಮ್ಮ ತಟ್ಟೆಗಳ ಚೀಟಿಯ ಮೇಲೆ ಮಕ್ಕಳು ಗುಂಪಿನ ಹೆಸರು ಬರೆದಿದ್ದರು. ಅದನ್ನು ಓದಿದ ಚಾಚಾ, ಮಕ್ಕಳ ಕೆಲಸವೆಂದು ಮಜೂರಿಯಲ್ಲಿ ಸ್ವಲ್ಪ ಬಿಟ್ಟರು. ಗುಂಪಿನ ಖಜಾಂಚಿ ಏಳನೇ ತರಗತಿಯ ಹುಡುಗಿ. ಆಕೆ ವಹಿಯಲ್ಲಿ ಮಜೂರಿ ಪೂರ್ತಿ ಬರೆದು, ಬಿಟ್ಟದ್ದನ್ನು ಚಾಚಾರ ಹೆಸರಲ್ಲಿ ದೇಣಿಗೆ ಎಂದು ಜಮಾ ಮಾಡಿದಳು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ನಮ್ಮ ಪಕ್ಕದ ಮನೆಯ ಕಾಕಾ ಆ ವಹಿ ನೋಡಿ, ನಮ್ಮಲ್ಲಿ ಇಷ್ಟು ಶುದ್ಧವಾಗಿ ಬರೆಯುವವರು ಕಡಿಮೆ ಇದ್ದರು ಎಂದರು.

ಮಾರಾಟದಲ್ಲಿ ಒಂದು ಹೊಸ ತೊಡಕು ಬಂತು. ಎಲ್ಲರ ಬಳಿ ಮೊಬೈಲ್ ಪಾವತಿ. ಮಕ್ಕಳ ಹೆಸರಲ್ಲಿ ಖಾತೆಯಿಲ್ಲ, ಆದ್ದರಿಂದ ಯಾರೋ ಒಬ್ಬ ಅಪ್ಪನ ಕ್ಯೂಆರ್ ಚೀಟಿಯನ್ನು ಡಬ್ಬಿಗೆ ಅಂಟಿಸಿದರು. ಗಿರಾಕಿ ಸ್ಕ್ಯಾನ್ ಮಾಡಿ, ಆಯ್ತು ಎಂದು ಹೋಗುತ್ತಾನೆ. ಟಿಣ್ ಎಂದು ಸದ್ದಾಗುವುದು ಎಲ್ಲೋ ಆಫೀಸಿನಲ್ಲಿರುವ ಅಪ್ಪನ ಜೇಬಿನಲ್ಲಿ. ಮಕ್ಕಳಿಗೆ ಹಣ ಕಾಣುವುದೇ ಇಲ್ಲ. ಮೊದಲ ದಿನ ಸಂಜೆ ಮಾರಿದ ಪೊಟ್ಟಣಕ್ಕೂ ಬಂದ ಹಣಕ್ಕೂ ತಾಳೆ ಬೀಳದೆ ರಾತ್ರಿ ಒಂಬತ್ತರವರೆಗೆ ಜಗಳ. ಎರಡನೆಯ ದಿನ ಖಜಾಂಚಿ ಕ್ಯೂಆರ್ ಚೀಟಿ ಕಿತ್ತು, ಹಳೆಯ ಬೋರ್ನ್‌ವಿಟಾ ಡಬ್ಬಿಗೆ ತೂತು ಕೊರೆದು ಮುಂದಿಟ್ಟಳು. ನಗದು ಇಲ್ಲವೆಂದು ಒಂದಿಬ್ಬರು ಗೊಣಗಿದರು. "ಮೇಲೆ ಹೋಗಿ ತಂದುಕೊಡಿ ಕಾಕೂ, ಎತ್ತಿಟ್ಟಿರ್ತೀವಿ" ಎಂದಳು. ತಂದುಕೊಟ್ಟರು.

ಜನರಿಂದ ಹಣ ಕೂಡಿಸುವ ಇನ್ನೊಂದು ಬಗೆ ಪುಣೆಯವರಿಗೆ ಇದಕ್ಕಿಂತ ಹೆಚ್ಚು ಪರಿಚಿತ, ಅದು ವರ್ಗಣಿ. ಗಣೇಶೋತ್ಸವ ಹತ್ತಿರ ಬಂದಂತೆ ಮಂಡಳದ ತರುಣರು ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಬರುತ್ತಾರೆ. ಹೀಗೆ ಹಣ ಕೂಡಿಸುವುದಕ್ಕೂ ಮಹಾರಾಷ್ಟ್ರದ ಸಾರ್ವಜನಿಕ ವಿಶ್ವಸ್ತ ಕಾಯಿದೆಯ 41ಸಿ ಕಲಮಿನ ಅಡಿ ಧರ್ಮಾದಾಯ ಆಯುಕ್ತರ ಕಚೇರಿಯನ್ನು ಮುಟ್ಟಬೇಕು. ಒಳ್ಳೆಯ ಮಂಡಳಗಳು ಮುಟ್ಟುತ್ತವೆ. ಕೆಲವು ಗಲ್ಲಿಗಳಲ್ಲಿ ಮಾತ್ರ ರಸೀದಿಯ ಮೇಲಿನ ಅಂಕಿಯನ್ನು ಕೊಡುವವನಿಗಿಂತ ಮೊದಲೇ ಬರೆದಿಟ್ಟಿರುತ್ತಾರೆ. ಅದರ ಬಗ್ಗೆ ಹೆಚ್ಚು ಮಾತಾಡಿದರೆ ನಾಳೆ ನನ್ನ ಮನೆಗೂ ಬಂದಾರು.

ಹಾಗೆಂದು ಖಾಲಿ ಕೈಯಲ್ಲಿ ಬಂದು ಕೇಳುವುದು ಕೀಳು ಎಂದು ನಾನು ಹೇಳಲಾರೆ. ಈ ಪ್ರಾಂತದ ದೊಡ್ಡ ಕೆಲಸಗಳಲ್ಲಿ ಎಷ್ಟೋ ಹಾಗೇ ಆದವು. ಅಂತಾಜಿ ದಾಮೋದರ ಕಾಳೆ ಎಂಬವರು ತಲೆಗೊಂದು ಪೈಸೆ ಕೊಡಿ ಎಂದು ಊರೂರು ತಿರುಗಿ ಪೈಸಾ ಫಂಡ್ ಕಟ್ಟಿದರು. ತಿಲಕರು ಅದಕ್ಕೆ ಬೆಂಬಲ ಕೊಟ್ಟರು. ಆ ಪೈಸೆಗಳಿಂದ 1908ರಲ್ಲಿ ಪುಣೆಯ ಹತ್ತಿರದ ತಳೇಗಾಂವಿನಲ್ಲಿ ಗಾಜಿನ ಕಾರ್ಖಾನೆ ಎದ್ದಿತು. ಸಾತಾರೆಯ ಕರ್ಮವೀರ ಭಾವೂರಾವ್ ಪಾಟೀಲರ ಪೂರ್ವಿಕರು ನಮ್ಮ ಮೂಡಬಿದಿರೆ ಕಡೆಯವರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದ ಅವರು ಹಳ್ಳಿಯ ಗೃಹಿಣಿಯರಿಂದ ಮುಷ್ಟಿ ಧಾನ್ಯ ಬೇಡಿ ಹುಡುಗರ ಬೋರ್ಡಿಂಗ್ ನಡೆಸಿದರು. ಆದರೆ ಅದೇ ಹುಡುಗರ ಕೈಗೆ ಗುದ್ದಲಿಯನ್ನೂ ಕೊಟ್ಟರು. ಹೊಲದಲ್ಲಿ ದುಡಿ, ಕಟ್ಟಡಕ್ಕೆ ಕಲ್ಲು ಹೊರು, ಓದು. ಶಿವಾಜಿನಗರದ ಮಗ್ಗುಲಲ್ಲೇ ಇರುವ ಪುಣೆ ವಿಶ್ವವಿದ್ಯಾಲಯದಲ್ಲಿ ಗಳಿಸುತ್ತ ಕಲಿಯುವ ಯೋಜನೆ ಇವತ್ತಿಗೂ ಅವರ ಹೆಸರಲ್ಲೇ ನಡೆದಿದೆ; ವಿದ್ಯಾರ್ಥಿಗಳು ಗಂಟೆ ಲೆಕ್ಕದಲ್ಲಿ ಕೆಲಸ ಮಾಡಿ ತಮ್ಮ ಖರ್ಚು ತೂಗಿಸುತ್ತಾರೆ. ಬೇಡುವುದು, ದುಡಿಯುವುದು ಎರಡನ್ನೂ ಆ ಮನುಷ್ಯ ಒಂದೇ ವಹಿಯಲ್ಲಿ ಬರೆದರು ಎನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ಹೀಗೆ ಕೇಳಿಯೂ ಹಣ ಕೂಡಿಸುವ ಇನ್ನೊಂದು ಸಂಘದ ನೆಲೆ ಪುಣೆಯಲ್ಲೇ ಇದೆ, ಹೆಸರು ಸಂಗಮ್. ಗೈಡ್ಸ್ ಮತ್ತು ಗರ್ಲ್ ಸ್ಕೌಟ್ಸ್ ಹುಡುಗಿಯರ ವಿಶ್ವ ಸಂಘದ ಕೇಂದ್ರ ಅದು; ಇಂಥವು ಇಡೀ ಲೋಕದಲ್ಲಿ ಬೆರಳೆಣಿಕೆಯಷ್ಟು. ಆಳಂದಿ ರಸ್ತೆಯಲ್ಲಿ 1966ರ ಅಕ್ಟೋಬರ್ 16ರಂದು ತೆರೆಯಿತು. ಬೇರೆ ಬೇರೆ ದೇಶದ ಹುಡುಗಿಯರು ಬಂದು ಇದ್ದು ಹೋಗುತ್ತಾರೆ. ಆ ವಿಶ್ವ ಸಂಘಕ್ಕೆ ಹಣ ಬರುವ ದಾರಿಗಳಲ್ಲಿ ಒಂದು ಫೆಬ್ರುವರಿ 22ರ ಚಿಂತನ ದಿನ. 1932ರಲ್ಲಿ ಗೈಡ್ಸ್ ಚಳವಳಿಯ ಮುಖ್ಯಸ್ಥೆ ಓಲೇವ್ ಬೇಡನ್ ಪೊವೆಲ್ ಲೋಕದ ಗೈಡ್‌ಗಳಿಗೆಲ್ಲ ಪತ್ರ ಬರೆದು, ಆ ದಿನ ತಲಾ ಒಂದು ಪೆನ್ನಿ ಕೊಡಿ ಎಂದು ಕೇಳಿದರು. ಕಾಳೆಯವರ ಪೈಸೆಗೂ ಆಕೆಯ ಪೆನ್ನಿಗೂ ಪರಸ್ಪರ ಪರಿಚಯವಿರಲಿಕ್ಕಿಲ್ಲ.

ಈಗ ಒಂದು ಅಡ್ಡಮಾತು. ಮಕ್ಕಳ ಬಿಸ್ಕತ್ತು ಮಾರಾಟವನ್ನು ಶಾಲೆಯೊಳಗೇ ಇಡಬೇಕೆನ್ನುವ ಮೇಷ್ಟ್ರುಗಳಿಗೆ ಇದನ್ನು ಹೇಳಲೇಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ತಂದ ನಿಯಮದಂತೆ ಕೊಬ್ಬು, ಸಕ್ಕರೆ, ಉಪ್ಪು ಅತಿಯಾಗಿರುವ ತಿಂಡಿಯನ್ನು ಶಾಲೆಯ ಆವರಣದಲ್ಲಿ, ಗೇಟಿನಿಂದ 50 ಮೀಟರಿನ ಒಳಗೆ ಶಾಲೆಯ ಮಕ್ಕಳಿಗೆ ಮಾರುವಂತಿಲ್ಲ. ಹಿಟ್ಟಿನ ಅರ್ಧ ತುಪ್ಪ, ಅರ್ಧ ಸಕ್ಕರೆ ಹಾಕಿದ ನಾನಕಟಾಯಿ ಈ ಪಟ್ಟಿಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಭೇಳ್, ಮೊಳಕೆ ಕಾಳು, ಹಣ್ಣಿನ ತುಂಡು, ಮಜ್ಜಿಗೆ ಇವುಗಳಿಗೆ ಅಷ್ಟು ತೊಂದರೆಯಿಲ್ಲ. ನಮ್ಮ ಧಾರವಾಡದ ಗಿರ್ಮಿಟ್ ಇಡಿ ಎಂದು ನಾನು ಸಲಹೆ ಕೊಟ್ಟೆ. ಪುಣೆಯ ಮಕ್ಕಳು ಅದನ್ನು ತಿಂದು ನೋಡಿ, ಭೇಳಿಗೆ ಒಗ್ಗರಣೆ ಯಾಕೆ ಹಾಕಿದಿರಿ ಎಂದು ಕೇಳಿದರು. ಆ ಮಾತನ್ನು ಮುಂದುವರಿಸಲಿಲ್ಲ.

ನಮ್ಮ ಸೊಸೈಟಿಯ ಮಕ್ಕಳ ನಾನಕಟಾಯಿ ಮೂರನೆಯ ದಿನ ಸಂಜೆಗೆ ಖಾಲಿಯಾಯಿತು. ಭಾನುವಾರ ಮಕ್ಕಳು ಲೆಕ್ಕ ಕೂಡಿಸಲು ಕೆಳಗಿನ ಕೋಣೆಯಲ್ಲಿ ಕೂತರು. ಮೈದಾ ಇಷ್ಟು, ತುಪ್ಪ ಇಷ್ಟು, ಸಕ್ಕರೆ, ಏಲಕ್ಕಿ, ಬೇಕರಿ ಮಜೂರಿ, ಪೊಟ್ಟಣ, ರಿಬ್ಬನ್ನು. ಎಲ್ಲ ಕಳೆದು ಉಳಿದದ್ದು ಚೆನ್ನಾಗಿಯೇ ಇತ್ತು. ಫ್ಯಾನು, ದೀಪ ಎರಡಕ್ಕೂ ಸಾಕಾಗುವಷ್ಟು. ಕೈ ತಟ್ಟಿ ಏಳುವ ಹೊತ್ತಿಗೆ ಖಜಾಂಚಿ ಪೆನ್ನು ಎತ್ತಿ, "ನಮ್ಮ ಆಯಿಯ ಮಜೂರಿ ಎಲ್ಲಿ ಬರೆಯಬೇಕು?" ಎಂದು ಕೇಳಿದಳು.

ಆಯಿ ಎಂದರೆ ಇಲ್ಲಿ ಅಮ್ಮ. ಕೋಣೆ ಗಲಿಬಿಲಿಯಾಯಿತು. ವಿಷಯ ಏನೆಂದರೆ, ಮೊದಲ ಸುತ್ತಿನ ತುಪ್ಪವನ್ನು ಹುಡುಗರು ತಿಕ್ಕಿದ್ದರು. ಎರಡನೆಯ ಸುತ್ತಿಗೆ ಆರ್ಡರು ಹೆಚ್ಚಾಗಿ, ಮಕ್ಕಳಿಗೆ ಶಾಲೆ ಇದ್ದುದರಿಂದ, ಮೂವರು ತಾಯಂದಿರು ತಮ್ಮ ಆಫೀಸು, ಅಡುಗೆ ಮುಗಿಸಿ ರಾತ್ರಿ ಹನ್ನೊಂದರವರೆಗೆ ಕೂತು ಹಿಟ್ಟು ನಾದಿ ಉಂಡೆ ಕಟ್ಟಿದ್ದರು. ಬೇಕರಿಯ ಚಾಚಾ ಬಿಟ್ಟ ಮಜೂರಿ ದೇಣಿಗೆಯಾಗಿ ವಹಿಯಲ್ಲಿದೆ. ತಾಯಂದಿರದು ಎಲ್ಲೂ ಇಲ್ಲ.

ಶಿಕಾಗೋದ ಫ್ಲಾರೆನ್ಸ್ ನೀಲರ ಲೆಕ್ಕದಲ್ಲಿ ಬಿಟ್ಟುಹೋದದ್ದೂ ಇದೇ. 26ರಿಂದ 36 ಸೆಂಟ್ ಎಂದದ್ದು ಸಾಮಾನಿನ ಬೆಲೆ ಮಾತ್ರ. ಒಲೆ ಮನೆಯದು, ಉರುವಲು ಮನೆಯದು, ಅಡುಗೆಮನೆಯಲ್ಲಿ ನಿಂತವಳು ಮನೆಯವಳು. ಒಂದು ಡಜನ್ನಿಗೆ ಅಸಲು ಬಂದು ಐದಾರು ಡಜನ್ ಲಾಭ ಉಳಿದದ್ದು ಆ ಮೂರನ್ನೂ ಬಿಟ್ಟಿ ಎಂದು ಹಿಡಿದದ್ದರಿಂದ. ಹಾಗಾಗಿ, ಕಾರ್ಖಾನೆಗೆ ಹೋದ ಮೇಲೆ ಕುಕೀಯ ಸೊಗಸೇ ಹೋಯಿತು ಎಂದು ಹಲುಬುವವರ ಜೊತೆ ನಾನು ಪೂರ್ತಿ ಸೇರಲಾರೆ. ಬೇಕರಿ ಕಂಪನಿಗೆ ಇಷ್ಟು, ಸ್ಥಳೀಯ ಮಂಡಳಿಗೆ ಇಷ್ಟು, ದಳಕ್ಕೆ ಇಷ್ಟು ಎಂದು ಪ್ರತಿ ಪೊಟ್ಟಣದ ಹಣ ಅಲ್ಲಿ ಒಡೆದು ಹಂಚಿಹೋಗುತ್ತದೆ. ದಳದ ಪಾಲು ಚಿಕ್ಕದು, ಅದಕ್ಕಾಗಿ ಅಲ್ಲಿನ ತಂದೆತಾಯಂದಿರು ಗೊಣಗುವುದೂ ಉಂಟು. ಆದರೆ ಹಿಟ್ಟು ನಾದಿದವನಿಗೆ ಪಗಾರ ಸಿಕ್ಕಿದೆ, ಅದು ಲೆಕ್ಕದಲ್ಲಿ ಕಾಣುತ್ತದೆ. ನಮ್ಮ ಶಾಲೆಗಳ ಖರೀ ಕಮಾಯಿಯಲ್ಲಿ ಬೆಳಗಿನ ಐದಕ್ಕೆದ್ದು ಬಟಾಟೆ ಬೇಯಿಸಿದವರು ಕಾಣುವುದಿಲ್ಲ. ದುಡಿಮೆ ತಾಯಿಯದು, ಹೆಸರು ಮಗುವಿನದು, ಹಣ ದಳದ್ದು. ಇದರಲ್ಲಿ ಮಗು ಏನು ಕಲಿಯಿತು ಎಂದು ಕೇಳಿದರೆ, ಮನೆಯ ಕೆಲಸಕ್ಕೆ ಬೆಲೆಯಿಲ್ಲ ಎಂಬುದನ್ನು ಚೆನ್ನಾಗಿ ಕಲಿಯಿತು ಎನ್ನಬೇಕಾಗುತ್ತದೆ.

ಭಾನುವಾರದ ಸಭೆಗೆ ಬರುತ್ತೇನೆ. ಒಬ್ಬ ಹುಡುಗ, ಆಯಿಗೆ ಮಜೂರಿ ಕೊಟ್ಟರೆ ಆಕೆ ತೆಗೆದುಕೊಳ್ಳುವುದಿಲ್ಲ, ಸುಮ್ಮನೆ ಯಾಕೆ ಬರೆಯಬೇಕು ಎಂದ. ತೆಗೆದುಕೊಳ್ಳದಿದ್ದರೆ ಅದು ದೇಣಿಗೆ, ಚಾಚಾರದು ಬರೆದಿಲ್ಲವೇ ಎಂದು ಖಜಾಂಚಿ. ಎಷ್ಟೆಂದು ಬರೆಯುವುದು ಎಂಬ ಪ್ರಶ್ನೆ ಬಂತು. ಇಬ್ಬರು ಬೇಕರಿಗೆ ಓಡಿ, ಹಿಟ್ಟು ನಾದುವ ಆಳಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ ಎಂದು ಚಾಚಾರನ್ನು ಕೇಳಿಕೊಂಡು ಬಂದರು. ಅದನ್ನು ಗಂಟೆಗೆ ಭಾಗಿಸಿ, ಮೂವರಿಗೆ ಗುಣಿಸಿ, ವಹಿಯಲ್ಲಿ ಏರಿಸಿದರು. ಲಾಭ ನೋಡುನೋಡುತ್ತ ಇಳಿಯಿತು. ಕೆಲವರ ಮುಖವೂ ಇಳಿಯಿತು. ಕೈಯಲ್ಲಿದ್ದ ಹಣ ಅಷ್ಟೇ ಇತ್ತು ಎನ್ನುವುದು ಬೇರೆ. ಫ್ಯಾನು ಬರುವುದೇನೂ ತಪ್ಪಲಿಲ್ಲ. ಆದರೆ ಈಗ ಅದರ ಅರ್ಧ ತಾವು ಗಳಿಸಿದ್ದು, ಅರ್ಧ ಮೂವರು ಆಯಿಯರು ಕೊಟ್ಟದ್ದು ಎಂದು ಕಪ್ಪು ಶಾಯಿಯಲ್ಲಿ ಬರೆದಿತ್ತು.

ಲೆಕ್ಕವನ್ನು ಸೊಸೈಟಿಯ ಫಲಕದ ಮೇಲೆ ಹಚ್ಚಿದರು. ದೇಣಿಗೆ ಕೊಟ್ಟವರ ಪಟ್ಟಿಯಲ್ಲಿ ತಮ್ಮ ಹೆಸರು ನೋಡಿದ ಒಬ್ಬ ತಾಯಿ, ಗಂಟೆಗೆ ಇಷ್ಟೇ ಹಿಡಿದಿದ್ದೀರಾ ಎಂದು ಖಜಾಂಚಿಯನ್ನು ಮೆಟ್ಟಿಲ ಮೇಲೆ ತಡೆದು ಕೇಳಿದರಂತೆ. ಮುಂದಿನ ಮಾರಾಟ ಬೇಸಿಗೆ ರಜೆಗೆ ಎಂದು ಗೊತ್ತಾಗಿದೆ. ಶಾಲೆ ಇರುವುದಿಲ್ಲ, ಹಿಟ್ಟು ನಾದಲು ಯಾರೂ ನೆಪ ಹೇಳುವಂತಿಲ್ಲ. ಒಂದು ಸುತ್ತಿಗೆ ಎಷ್ಟು ಕಿಲೋ ತಮ್ಮ ಕೈಯಿಂದಲೇ ಆದೀತೋ ಅಷ್ಟಕ್ಕೇ ಆರ್ಡರು ಹಿಡಿಯಬೇಕೆಂದು ನಿರ್ಣಯ ಬರೆದಿದ್ದಾರೆ. ಎಷ್ಟು ಕಿಲೋ ಎನ್ನುವುದರ ಮೇಲೆ ಹುಡುಗರಿಗೂ ಹುಡುಗಿಯರಿಗೂ ಇನ್ನೂ ಒಮ್ಮತವಾಗಿಲ್ಲ.